ಸ್ನೇಹದ ನಕ್ಷೆ ಬರೆದ ವೈದ್ಯ

ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೆ ಅಲ್ಲಿ ಹೆಸರುಗಳ ಉದ್ದನೆಯ ಸಾಲೊಂದು ಕಾಣುತ್ತದೆ. ಬಂದವರಿಗೊಂದು ಗುರುತು, ಬಾರದವರಿಗೊಂದು ಗುರುತು. ವರ್ಷದ ಕೊನೆಯಲ್ಲಿ ಅಂಕಪಟ್ಟಿ ಸಿದ್ಧವಾಗುತ್ತದೆ. ಯಾರಿಗೆ ಗಣಿತ ಒಲಿದಿದೆ, ಯಾರಿಗೆ ಒಲಿದಿಲ್ಲ ಎಂಬುದು ಅದರಿಂದ ತಿಳಿಯುತ್ತದೆ. ಆದರೆ ತರಗತಿಯ ನಲವತ್ತು ಮಕ್ಕಳಲ್ಲಿ ಯಾರ ಪಕ್ಕದಲ್ಲಿ ಕುಳಿತುಕೊಳ್ಳಲು ಯಾರು ಹಂಬಲಿಸುತ್ತಾರೆ, ಒಬ್ಬನ ಮಾತು ಯಾರ ಯಾರ ಕಿವಿಯನ್ನು ಹಾದು ಎಲ್ಲಿಗೆ ಮುಟ್ಟುತ್ತದೆ, ಯಾವ ಮಗುವನ್ನು ಯಾರೂ ತಮ್ಮ ಜೊತೆಗೆ ಕರೆಯುವುದಿಲ್ಲ ಎಂಬ ಸಂಗತಿ ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಉಪಾಧ್ಯಾಯರು ಅದು ತಮಗೆ ಗೊತ್ತೆಂದೇ ಭಾವಿಸಿರುತ್ತಾರೆ. ಅನೇಕ ವೇಳೆ ಗೊತ್ತಿರುವುದಿಲ್ಲ. ಕಣ್ಣೆದುರಿಗಿದ್ದೂ ಕಾಣದ ಈ ಸಂಗತಿಯನ್ನು ಕಾಗದದ ಮೇಲೆ ವೃತ್ತಗಳಿಂದಲೂ ಗೆರೆಗಳಿಂದಲೂ ಬರೆದು ತೋರಿಸಬಹುದೆಂದು ಜಗತ್ತಿಗೆ ತಿಳಿಸಿಕೊಟ್ಟವನು ಜೇಕಬ್ ಲೆವಿ ಮೊರೆನೋ ಎಂಬ ವೈದ್ಯ. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಸಾಂಕ್ರಾಮಿಕ ರೋಗಗಳ ಅಧ್ಯಯನ ಇವುಗಳಲ್ಲೆಲ್ಲ ಇಂದು ಬಳಕೆಯಲ್ಲಿರುವ ಸಂಬಂಧಜಾಲದ ಚಿತ್ರಗಳ ವಂಶವೃಕ್ಷವನ್ನು ಹಿಡಿದು ಹಿಂದೆ ಹೋದರೆ ಅವನ ಬಾಗಿಲಿಗೇ ಬಂದು ನಿಲ್ಲಬೇಕಾಗುತ್ತದೆ.

ಮೊರೆನೋ ಹುಟ್ಟಿದ್ದು ೧೮೮೯ರ ಮೇ ತಿಂಗಳಲ್ಲಿ, ರುಮೇನಿಯದ ರಾಜಧಾನಿ ಬುಖಾರೆಸ್ಟಿನಲ್ಲಿ. ಬಹು ಹಿಂದೆ ಸ್ಪೇನಿನಿಂದ ಹೊರದೂಡಲ್ಪಟ್ಟ ಯೆಹೂದ್ಯರ ವಂಶ ಅವನದು. ತಂದೆ ವ್ಯಾಪಾರಿ, ಮನೆಯಲ್ಲಿ ಇರುತ್ತಿದ್ದ ದಿನಗಳಿಗಿಂತ ಇಲ್ಲದ ದಿನಗಳೇ ಹೆಚ್ಚು. ಮಗನ ಹೆಸರು ಮೊದಲು ಜೇಕಬ್ ಲೆವಿ ಎಂದಷ್ಟೇ ಇತ್ತು. ದೂರವೇ ಉಳಿದ ತಂದೆಯ ಹೆಸರಾದ ಮೊರೆನೋ ಎಂಬುದನ್ನು ಅವನು ದೊಡ್ಡವನಾದ ಮೇಲೆ ತನ್ನ ಮನೆತನದ ಹೆಸರನ್ನಾಗಿ ಇಟ್ಟುಕೊಂಡನು. ತನ್ನ ಹುಟ್ಟನ್ನು ಕುರಿತು ಅವನೇ ಒಂದು ಕಥೆಯನ್ನು ಹಬ್ಬಿಸಿದ್ದನು: ಕರಿಯ ಸಮುದ್ರದಲ್ಲಿ ತೇಲುತ್ತಿದ್ದ ಹಡಗೊಂದರಲ್ಲಿ, ಬಿರುಗಾಳಿಯ ರಾತ್ರಿಯಲ್ಲಿ, ಯಾವ ದೇಶಕ್ಕೂ ಸೇರದ ಪ್ರಜೆಯಾಗಿ ತಾನು ಜನಿಸಿದೆನೆಂಬುದು ಆ ಕಥೆ. ಬುಖಾರೆಸ್ಟಿನ ಜನನದಾಖಲೆ ಇದನ್ನು ಸುಳ್ಳಾಗಿಸಿದೆ. ಆದರೆ ಮನುಷ್ಯನನ್ನು ತಿಳಿಯಲು ಅವನ ಸುಳ್ಳುಗಳೂ ಕೆಲವೊಮ್ಮೆ ಸಹಾಯಕವಾಗುತ್ತವೆ. ಎಲ್ಲಿಗೂ ಸೇರದವನೆಂಬ ಭಾವನೆ ಈ ಮನುಷ್ಯನನ್ನು ಬಾಳಿನುದ್ದಕ್ಕೂ ಬಿಡಲಿಲ್ಲ. ಯಾರು ಎಲ್ಲಿಗೆ ಸೇರಿದವರು ಎಂಬುದನ್ನೇ ಅವನು ತನ್ನ ಶಾಸ್ತ್ರದ ವಿಷಯವನ್ನಾಗಿ ಮಾಡಿಕೊಂಡನು.

ಬಾಲ್ಯದ ಇನ್ನೊಂದು ಪ್ರಸಂಗವನ್ನು ಅವನು ಮತ್ತೆ ಮತ್ತೆ ನೆನೆಯುತ್ತಿದ್ದನು. ನಾಲ್ಕೈದು ವರ್ಷದವನಾಗಿದ್ದಾಗ ಓರಗೆಯ ಮಕ್ಕಳನ್ನು ಮನೆಯ ನೆಲಮಾಳಿಗೆಯಲ್ಲಿ ಕೂಡಿಸಿ, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ, ತಾನು ತುತ್ತತುದಿಯಲ್ಲಿ ಕುಳಿತು ದೇವರ ಪಾತ್ರ ವಹಿಸಿದನು. ಸುತ್ತಲಿನ ಮಕ್ಕಳು ದೇವದೂತರು. ಅವರಲ್ಲಿ ಒಬ್ಬನು, ದೇವರು ಏಕೆ ಹಾರುವುದಿಲ್ಲವೆಂದು ಕೇಳಿದನು. ದೇವರು ಹಾರಹೋಗಿ ಕೆಳಕ್ಕೆ ಬಿದ್ದು ಬಲಗೈ ಮುರಿದುಕೊಂಡನು. ಕೆಳಗೆ ಮಕ್ಕಳು ಹಿಡಿದುಕೊಂಡಿದ್ದ ಕುರ್ಚಿಗಳು ಇರುವವರೆಗೆ ಮಾತ್ರ ದೇವರು ಎತ್ತರದಲ್ಲಿದ್ದನು ಎಂಬ ಪಾಠ ಆ ಕಥೆಯಲ್ಲಿ ಅಡಗಿದೆ. ಎತ್ತರವನ್ನು ಏರುವ ಆಸೆಯನ್ನು ಮಾತ್ರ ಮೊರೆನೋ ಎಂದೂ ಬಿಡಲಿಲ್ಲ.

ಅವನಿನ್ನೂ ಚಿಕ್ಕವನಾಗಿರುವಾಗಲೇ ಕುಟುಂಬ ವಿಯೆನ್ನಾ ನಗರಕ್ಕೆ ಬಂದು ನೆಲಸಿತು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಅವನು ಮೊದಲು ತತ್ತ್ವಶಾಸ್ತ್ರವನ್ನೂ ಬಳಿಕ ವೈದ್ಯಶಾಸ್ತ್ರವನ್ನೂ ಅಭ್ಯಾಸ ಮಾಡಿದನು. ಗಡ್ಡ ಬಿಟ್ಟ ಈ ವಿದ್ಯಾರ್ಥಿ ಆಗಾಗ ಔಗಾರ್ಟೆನ್ ಉದ್ಯಾನಕ್ಕೆ ಹೋಗಿ, ಅಲ್ಲಿ ಆಡುತ್ತಿದ್ದ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಹೇಳುತ್ತಿದ್ದನು. ಕಥೆಯನ್ನು ಮಕ್ಕಳಿಂದಲೇ ಆಡಿಸುತ್ತಿದ್ದನು. ವಿಯೆನ್ನಾ ಅಂದು ಸಿಗ್ಮಂಡ್ ಫ್ರಾಯ್ಡನ ನಗರ. ರೋಗಿಯನ್ನು ಒಬ್ಬೊಬ್ಬನನ್ನಾಗಿ ಮಂಚದ ಮೇಲೆ ಮಲಗಿಸಿ, ಅವನ ಮನಸ್ಸಿನ ಆಳಕ್ಕೆ ಇಳಿಯುವುದು ಫ್ರಾಯ್ಡನ ಮಾರ್ಗ. ಯುವಕ ಮೊರೆನೋನಿಗೆ ಆ ಮಾರ್ಗ ಒಪ್ಪಿಗೆಯಾಗಲಿಲ್ಲ. ಮನುಷ್ಯನ ವ್ಯಥೆ ಅವನ ಒಳಗೆ ಮಾತ್ರ ಇರುವುದಲ್ಲ, ಅವನಿಗೂ ಇತರರಿಗೂ ನಡುವೆ ಇರುವುದು. ಚಿಕಿತ್ಸೆಯೂ ಆ ನಡುವಿನ ಜಾಗದಲ್ಲಿಯೇ ನಡೆಯಬೇಕು ಎಂಬ ವಿಚಾರ ಅವನಲ್ಲಿ ಬೇರೂರತೊಡಗಿತ್ತು.

೧೯೧೩ರಲ್ಲಿ ವಿಯೆನ್ನಾದ ಸ್ಪಿಟ್ಟಲ್‌ಬರ್ಗ್ ಎಂಬ ಭಾಗದಲ್ಲಿ ವೇಶ್ಯಾವೃತ್ತಿಯಲ್ಲಿದ್ದ ಹೆಂಗಸರನ್ನು ಎಂಟುಹತ್ತು ಮಂದಿಯ ಗುಂಪುಗಳಾಗಿ ಕೂಡಿಸಿ ಅವರ ಕಷ್ಟಗಳನ್ನು ಮಾತನಾಡಿಸುವ ಕೆಲಸಕ್ಕೆ ಅವನು ತೊಡಗಿದನು. ಅವರನ್ನು ಸುಧಾರಿಸುವ ಉಪದೇಶ ಅವನ ಉದ್ದೇಶವಾಗಿರಲಿಲ್ಲ. ತಮ್ಮ ತಮ್ಮಲ್ಲಿ ಮಾತನಾಡತೊಡಗಿದ ಆ ಹೆಂಗಸರು ಒಬ್ಬರಿಗೊಬ್ಬರು ಆಸರೆಯಾಗುವುದನ್ನು, ವೈದ್ಯನು ಮಾಡಲಾಗದ ಕೆಲಸವನ್ನು ಒಬ್ಬಾಕೆ ಇನ್ನೊಬ್ಬಾಕೆಗೆ ಮಾಡುವುದನ್ನು ಅವನು ಕಂಡನು. ಬಳಿಕ ಮೊದಲನೆಯ ಮಹಾಯುದ್ಧ ಬಂತು. ವಿಯೆನ್ನಾದ ದಕ್ಷಿಣಕ್ಕಿರುವ ಮಿಟ್ಟರ್ನ್‌ಡೋರ್ಫಿನಲ್ಲಿ, ಗಡಿಪ್ರದೇಶವಾದ ಟಿರೋಲಿನಿಂದ ಸ್ಥಳಾಂತರಿಸಲ್ಪಟ್ಟ, ಇಟಾಲಿಯನ್ ನುಡಿಯಾಡುವ ಸಹಸ್ರಾರು ನಿರಾಶ್ರಿತರ ಶಿಬಿರವಿತ್ತು. ಮೊರೆನೋ ಅಲ್ಲಿ ವೈದ್ಯನಾಗಿ ಕೆಲಸ ಮಾಡಿದನು. ಅಧಿಕಾರಿಗಳು ತಮಗೆ ಅನುಕೂಲ ತೋರಿದಂತೆ ಕುಟುಂಬಗಳನ್ನು ಬಿಡಾರಗಳಿಗೆ ಹಂಚಿದ್ದರು. ಜಗಳ, ಸಂಶಯ, ಅಸಮಾಧಾನಗಳಿಗೆ ಕೊನೆಯಿರಲಿಲ್ಲ. ಪರಸ್ಪರ ಒಲವುಳ್ಳ ಕುಟುಂಬಗಳನ್ನು ನೆರೆಹೊರೆಯಲ್ಲಿ ಇರಿಸಿದ್ದರೆ ಈ ಸಂಕಟದ ಬಹುಭಾಗ ತಪ್ಪುತ್ತಿತ್ತಲ್ಲವೆ ಎಂಬ ಪ್ರಶ್ನೆ ಅವನಿಗೆ ಅಲ್ಲಿಯೇ ಹುಟ್ಟಿತೆಂದು ಅವನು ಮುಂದೆ ಬರೆದಿದ್ದಾನೆ. ಜನರನ್ನು ಎಣಿಸಿದರೆ ಸಾಲದು, ಅವರ ನಡುವಣ ಸೆಳೆತವನ್ನೂ ಅಳೆಯಬೇಕು. ಅಳೆಯುವ ಸಾಧನ ಮಾತ್ರ ಆಗ ಅವನ ಬಳಿ ಇರಲಿಲ್ಲ.

೧೯೧೭ರಲ್ಲಿ ವೈದ್ಯಪದವಿ ದೊರೆಯಿತು. ಯುದ್ಧಾನಂತರ ಬಾಡ್ ವ್ಯೋಸ್ಲೌ ಎಂಬ ಪಟ್ಟಣದಲ್ಲಿ ವೈದ್ಯನಾಗಿ ನೆಲೆಸಿದನು. ಹಗಲು ಬಡರೋಗಿಗಳ ಸೇವೆ. ರಾತ್ರಿ ಬರವಣಿಗೆ, ಇಲ್ಲವೆ ವಿಯೆನ್ನಾದ ನಾಟಕಶಾಲೆ. ೧೯೨೧ರ ಏಪ್ರಿಲ್ ಮೊದಲನೆಯ ದಿನ ಅವನು ಒಂದು ವಿಚಿತ್ರ ಪ್ರದರ್ಶನವನ್ನು ಏರ್ಪಡಿಸಿದನು. ರಂಗದ ಮೇಲೆ ಒಂದು ಸಿಂಹಾಸನ ಮಾತ್ರವಿತ್ತು, ನಾಟಕವಿಲ್ಲ, ನಟರಿಲ್ಲ. ಸಾಮ್ರಾಜ್ಯವನ್ನು ಕಳೆದುಕೊಂಡು ದಿಕ್ಕುಗೆಟ್ಟಿದ್ದ ದೇಶದ ಪ್ರೇಕ್ಷಕರು ತಾವೇ ಮೇಲೆ ಬಂದು ರಾಜನ ಪಾತ್ರವನ್ನು ಆಡಬೇಕಾಗಿತ್ತು. ಆ ಸಂಜೆ ವಿಫಲವಾಯಿತು, ನಗೆಪಾಟಲೂ ಆಯಿತು. ಆದರೆ ಅದರಿಂದಲೇ ಬರೆದಿಟ್ಟ ಮಾತಿಲ್ಲದೆ ಆಡುವ ಆಶುನಾಟಕದ ರಂಗ ಬೆಳೆಯಿತು. ಮುಂದೆ ಚಲನಚಿತ್ರಗಳಲ್ಲಿ ಪ್ರಸಿದ್ಧನಾದ ಪೀಟರ್ ಲೋರೆ ಅದರಲ್ಲಿ ಪಳಗಿದವನು. ಈ ರಂಗಭೂಮಿಯನ್ನು ಕುರಿತು ಮೊರೆನೋ ೧೯೨೪ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕೆಲವು ರೇಖಾಚಿತ್ರಗಳಿವೆ. ಬರೆದಿಟ್ಟ ಮಾತಿಲ್ಲದ ನಾಟಕದಲ್ಲಿ ಯಾವ ನಟ ಯಾವಾಗ ಯಾರ ಕಡೆಗೆ ಚಲಿಸಿದನು ಎಂಬುದನ್ನು ಗುರುತು ಹಾಕಿಕೊಳ್ಳಲು ಅವನು ಹೂಡಿದ ಉಪಾಯ ಅದು. ಸಮಾಜದ ನಕ್ಷೆಯ ಬೀಜ ಬಿದ್ದದ್ದು ನಾಟಕದ ರಂಗದ ಮೇಲೆ.

೧೯೨೫ರಲ್ಲಿ ಅವನು ಅಮೆರಿಕಕ್ಕೆ ಹಡಗು ಹತ್ತಿದನು. ವಿಚಿತ್ರವೆಂದರೆ ಅವನನ್ನು ಆ ನಾಡಿಗೆ ಕರೆದೊಯ್ದದ್ದು ವೈದ್ಯವೂ ಅಲ್ಲ, ನಾಟಕವೂ ಅಲ್ಲ. ಉಕ್ಕಿನ ತಟ್ಟೆಗಳ ಮೇಲೆ ಧ್ವನಿಯನ್ನು ಮುದ್ರಿಸುವ ಒಂದು ಯಂತ್ರ. ಯಂತ್ರದಿಂದ ಹಣ ಬರಲಿಲ್ಲ. ಎರಡು ವರ್ಷಗಳ ಅನಂತರ ನ್ಯೂಯಾರ್ಕಿನಲ್ಲಿ ವೈದ್ಯವೃತ್ತಿಗೆ ಅನುಮತಿ ದೊರೆತು, ಅವನ ಹೊಸ ಬಾಳು ಆರಂಭವಾಯಿತು. ೧೯೩೧ರಲ್ಲಿ ಸಿಂಗ್ ಸಿಂಗ್ ಕಾರಾಗೃಹದ ಬಂದಿಗಳನ್ನು ಅಭ್ಯಸಿಸಿ, ಅವರನ್ನು ಒಬ್ಬರಿಗೊಬ್ಬರು ಉಪಕಾರಿಗಳಾಗುವಂತೆ ಗುಂಪುಗಳಲ್ಲಿ ಇರಿಸಬೇಕೆಂಬ ಸಲಹೆಯನ್ನು ಮನೋವೈದ್ಯರ ಮುಂದಿರಿಸಿದನು. ಗುಂಪು ಚಿಕಿತ್ಸೆ ಎಂಬ ಮಾತು ಆ ಕಾಲದಲ್ಲಿ ಅವನಿಂದ ಬಳಕೆಗೆ ಬಂತು.

ಅದೇ ಸುಮಾರಿಗೆ ಬ್ರೂಕ್ಲಿನ್ನಿನ ೧೮೧ನೆಯ ಸಾರ್ವಜನಿಕ ಶಾಲೆಯಲ್ಲಿ ಅವನು ಒಂದು ಸರಳ ಪರೀಕ್ಷೆ ನಡೆಸಿದನು. ಶಿಶುವಿಹಾರದಿಂದ ಎಂಟನೆಯ ತರಗತಿಯವರೆಗಿನ ಮಕ್ಕಳನ್ನು, ನಿಮ್ಮ ಪಕ್ಕದಲ್ಲಿ ಯಾರು ಕುಳಿತುಕೊಳ್ಳಬೇಕೆಂದು ನಿಮಗೆ ಇಷ್ಟವೆಂದು ಕೇಳುವುದಷ್ಟೇ ಆ ಪರೀಕ್ಷೆ. ಬಂದ ಉತ್ತರಗಳನ್ನು ಚಿತ್ರವಾಗಿ ಬರೆದನು. ಹುಡುಗನಿಗೆ ತ್ರಿಕೋನ, ಹುಡುಗಿಗೆ ವೃತ್ತ. ಆರಿಸಿದವನಿಂದ ಆರಿಸಲ್ಪಟ್ಟವನ ಕಡೆಗೆ ಒಂದು ಗೆರೆ. ತರಗತಿಗೊಂದರಂತೆ ಈ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದಾಗ ಬಾಲ್ಯದ ಚರಿತ್ರೆಯೇ ಅಲ್ಲಿ ಕಂಡಿತು. ಚಿಕ್ಕ ಮಕ್ಕಳಲ್ಲಿ ತ್ರಿಕೋನಗಳೂ ವೃತ್ತಗಳೂ ಬೆರೆತಿದ್ದುವು. ನಾಲ್ಕನೆಯ ತರಗತಿಯ ಹೊತ್ತಿಗೆ ಚಿತ್ರ ಎರಡು ದ್ವೀಪಗಳಾಗಿ ಒಡೆದಿತ್ತು: ಒಂದು ಕಡೆ ಹುಡುಗರು, ಒಂದು ಕಡೆ ಹುಡುಗಿಯರು, ನಡುವೆ ಹೆಚ್ಚುಕಡಿಮೆ ಬರಿಯ ಬಯಲು. ಎಂಟನೆಯ ತರಗತಿಗೆ ಬರುವಾಗ ಆ ಬಯಲನ್ನು ದಾಟುವ ಗೆರೆಗಳು ಮತ್ತೆ ಮೂಡತೊಡಗಿದ್ದುವು. ಎಲ್ಲ ಚಿತ್ರಗಳಲ್ಲಿಯೂ ಅನೇಕ ಗೆರೆಗಳು ಬಂದು ಸೇರುವ ಒಂದೆರಡು ನಕ್ಷತ್ರಗಳಿದ್ದುವು. ಒಂದು ಗೆರೆಯೂ ತಲಪದ ಒಂಟಿಗಳೂ ಇದ್ದುವು. ತಮ್ಮ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಬೇಕಾದವರು ಯಾರು, ಯಾರಿಗೂ ಬೇಡವಾದವರು ಯಾರು ಎಂಬುದನ್ನು ಊಹಿಸುವಂತೆ ಉಪಾಧ್ಯಾಯರನ್ನು ಕೇಳಲಾಯಿತು. ಮೇಲಿನ ತರಗತಿಗಳಿಗೆ ಹೋದಂತೆ ಅವರ ಊಹೆ ಹೆಚ್ಚು ಹೆಚ್ಚಾಗಿ ತಪ್ಪುತ್ತ ಹೋಯಿತು. ಮಕ್ಕಳು ಬೆಳೆದಂತೆ ಅವರ ಲೋಕ ಹಿರಿಯರ ಕಣ್ಣಿಗೆ ಮರೆಯಾಗುತ್ತದೆ ಎಂಬುದು ಇದರ ಅರ್ಥ.

ಮೊರೆನೋನ ಹೆಸರು ಚಿರವಾದದ್ದು ಹಡ್ಸನ್ ಎಂಬ ಊರಿನಿಂದ. ನ್ಯೂಯಾರ್ಕ್ ನಗರದಿಂದ ನೂರು ಮೈಲಿಗೂ ಮಿಗಿಲಾಗಿ ಉತ್ತರಕ್ಕೆ, ಅದೇ ಹೆಸರಿನ ನದಿಯ ದಂಡೆಯಲ್ಲಿ, ನ್ಯಾಯಾಲಯಗಳು ಕಳುಹಿಸುತ್ತಿದ್ದ ಹದಿಹರೆಯದ ಹುಡುಗಿಯರಿಗಾಗಿ ಸರ್ಕಾರದ ಒಂದು ಸುಧಾರಣಾ ಶಾಲೆಯಿತ್ತು. ಐನೂರಕ್ಕೂ ಹೆಚ್ಚು ಹುಡುಗಿಯರು ಕುಟೀರಗಳಲ್ಲಿ ವಾಸಿಸುತ್ತಿದ್ದರು, ಕುಟೀರಕ್ಕೊಬ್ಬ ಗೃಹಮಾತೆ. ಫ್ಯಾನಿ ಫ್ರೆಂಚ್ ಮೋರ್ಸ್ ಎಂಬಾಕೆ ಅಲ್ಲಿನ ಮುಖ್ಯಾಧಿಕಾರಿಣಿ. ೧೯೩೨ರಲ್ಲಿ ಮೊರೆನೋ ಅಲ್ಲಿ ಸಂಶೋಧನೆಗೆ ತೊಡಗಿದನು. ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರವನ್ನು ಅಭ್ಯಸಿಸುತ್ತಿದ್ದ ಹೆಲೆನ್ ಹಾಲ್ ಜೆನ್ನಿಂಗ್ಸ್ ಅವನಿಗೆ ಸಹಾಯಕಳಾದಳು.

ಆ ವರ್ಷದ ಶರತ್ಕಾಲದಲ್ಲಿ ಶಾಲೆಯನ್ನು ಒಂದು ಗಾಬರಿ ಹಿಡಿಯಿತು. ಎರಡೇ ವಾರಗಳೊಳಗಾಗಿ ಹದಿನಾಲ್ಕು ಹುಡುಗಿಯರು ತಪ್ಪಿಸಿಕೊಂಡು ಓಡಿಹೋದರು. ಇದು ವಾಡಿಕೆಯ ಪ್ರಮಾಣಕ್ಕೆ ಮೂವತ್ತು ಪಟ್ಟು. ಓಡಿಹೋದವರ ಸ್ವಭಾವವನ್ನು, ಹಿಂದಿನ ನಡತೆಯನ್ನು, ಬುದ್ಧಿಮತ್ತೆಯನ್ನು ಒಬ್ಬೊಬ್ಬಳದಾಗಿ ಪರೀಕ್ಷಿಸಿದರೆ ಇಂಥ ಪ್ರಸಂಗದ ಅರ್ಥ ತಿಳಿಯುವಂತಿರಲಿಲ್ಲ. ಅವರಿಗಿಂತ ಹಟಮಾರಿಗಳೂ ಅವರಿಗಿಂತ ದುಃಖಿಗಳೂ ಅಲ್ಲಿಯೇ ಉಳಿದಿದ್ದರು. ಮೊರೆನೋ ಮತ್ತು ಜೆನ್ನಿಂಗ್ಸ್ ಬೇರೊಂದು ಪ್ರಶ್ನೆ ಕೇಳಿದರು. ಇಡೀ ಶಾಲೆಯಲ್ಲಿ ಯಾವ ಐವರೊಡನೆ ಒಂದೇ ಕುಟೀರದಲ್ಲಿ ವಾಸಿಸಲು ನಿನಗೆ ಇಷ್ಟ, ಯಾರೊಡನೆ ಇಷ್ಟವಿಲ್ಲ ಎಂದು ಪ್ರತಿಯೊಬ್ಬ ಹುಡುಗಿಯಿಂದಲೂ ಬರೆಯಿಸಿಕೊಂಡರು. ಉತ್ತರಗಳು ನಕ್ಷೆಗಳಾದುವು. ಒಲವಿಗೆ ಕೆಂಪು ಗೆರೆ, ಒಲ್ಲೆನೆಂಬುದಕ್ಕೆ ಕಪ್ಪು ಗೆರೆ. ದೊಡ್ಡ ವೃತ್ತಗಳು ಕುಟೀರಗಳು. ಅವುಗಳೊಳಗೆ ಚಿಕ್ಕ ವೃತ್ತಗಳು ಹುಡುಗಿಯರು. ಹೆಸರಿಗೆ ಬದಲಾಗಿ ಎರಡೆರಡು ಅಕ್ಷರಗಳು.

ಓಡಿಹೋದ ಹುಡುಗಿಯರನ್ನು ಆ ನಕ್ಷೆಯಲ್ಲಿ ಹುಡುಕಿದಾಗ ಅವರು ಚದುರಿದ ಚುಕ್ಕೆಗಳಾಗಿರಲಿಲ್ಲ. ಬೇರೆ ಬೇರೆ ಕುಟೀರಗಳಲ್ಲಿ ಮಲಗುತ್ತಿದ್ದರೂ ಒಬ್ಬಳಿಂದ ಇನ್ನೊಬ್ಬಳಿಗೆ, ಅವಳಿಂದ ಮತ್ತೊಬ್ಬಳಿಗೆ ಗೆರೆಗಳು ಹರಿದು ಅವರೆಲ್ಲ ಒಂದು ಸರಪಣಿಯಾಗಿದ್ದರು. ಓಡಿಹೋಗುವ ವಿಚಾರ ಆ ಸರಪಣಿಯಲ್ಲಿ ಹರಿದಿತ್ತು. ಯಾರಿಗೆ ಅದು ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ, ಯಾರಿಗೆ ಮೊದಲು, ಯಾರಿಗೆ ಅನಂತರ ಎಂಬುದು ಹುಡುಗಿಯ ಸ್ವಭಾವಕ್ಕಿಂತ ಹೆಚ್ಚಾಗಿ ಜಾಲದಲ್ಲಿ ಅವಳು ನಿಂತ ಸ್ಥಾನವನ್ನು ಅವಲಂಬಿಸಿತ್ತೆಂದು ಮೊರೆನೋ ವಾದಿಸಿದನು. ಅದು ಅವರಿಗೆ ಸಹ ಸಂಪೂರ್ಣವಾಗಿ ತಿಳಿದಿರಲಿಲ್ಲ. ಸರಪಣಿಯ ಒಂದು ಕೊಂಡಿಗೆ ಪಕ್ಕದ ಕೊಂಡಿಯಷ್ಟೇ ಗೊತ್ತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅದೇ ಉತ್ತರಗಳು ಕಾಗದದ ಚೀಟಿಗಳಲ್ಲಿ ಮೊದಲೇ ಇದ್ದುವು. ಚಿತ್ರ ಹೊಸದಾಗಿ ಏನನ್ನೂ ಸೇರಿಸಲಿಲ್ಲ. ಹಾಗಾದರೆ ಚಿತ್ರದ ಬೆಲೆಯೇನು? ಐನೂರು ಚೀಟಿಗಳನ್ನು ಒಂದೊಂದಾಗಿ ಓದಿದವನಿಗೆ ಐನೂರು ಹುಡುಗಿಯರು ಕಾಣುತ್ತಾರೆ. ಚಿತ್ರವನ್ನು ನೋಡಿದವನಿಗೆ ಅವರ ನಡುವಣ ದಾರಿಗಳು ಕಾಣುತ್ತವೆ. ಮೂರನೆಯವಳ ಮೂಲಕ ಐದನೆಯವಳಿಗೆ ತಲಪುವ ದಾರಿ ಯಾವೊಂದು ಚೀಟಿಯಲ್ಲಿಯೂ ಬರೆದಿರುವುದಿಲ್ಲ. ಚೀಟಿಗಳೆಲ್ಲ ಕೂಡಿದಾಗಲೇ ಅದು ಹುಟ್ಟುವುದು. ಕಣ್ಣು ಅದನ್ನು ಕ್ಷಣಮಾತ್ರದಲ್ಲಿ ಹಿಡಿಯುತ್ತದೆ. ನೋಡಿದವನು ಅದನ್ನು ಇನ್ನೊಬ್ಬನಿಗೆ ಬೆರಳಿಟ್ಟು ತೋರಿಸಬಲ್ಲನು. ಸಂಶೋಧಕನಿಗೆ ಹೊಸ ಪ್ರಶ್ನೆಯನ್ನು ಹೊಳೆಯಿಸುವುದು, ಕಂಡದ್ದನ್ನು ಇತರರಿಗೆ ಕಾಣಿಸುವುದು ಎಂಬ ಎರಡು ಪ್ರಯೋಜನಗಳಿಗಾಗಿ ಇಂದಿಗೂ ಸಂಬಂಧಜಾಲದ ಚಿತ್ರಗಳನ್ನು ಬರೆಯುತ್ತಾರೆ.

ಮೊರೆನೋನಿಗೆ ಮೂರನೆಯದೊಂದು ಪ್ರಯೋಜನವೂ ಇತ್ತು. ಅವನಿಗೆ ಅದೇ ಮುಖ್ಯ. ನಕ್ಷೆ ನೋಡುವುದಕ್ಕಲ್ಲ, ಬದಲಾಯಿಸುವುದಕ್ಕೆ. ಹಡ್ಸನ್ನಿಗೆ ಹೊಸದಾಗಿ ಬಂದ ಹುಡುಗಿಯನ್ನು ಅಧಿಕಾರಿಗಳು ತಾವಾಗಿ ಒಂದು ಕುಟೀರಕ್ಕೆ ಅಟ್ಟುವ ಬದಲು, ಅವಳು ಹಲವು ಗೃಹಮಾತೆಯರನ್ನೂ ಕುಟೀರಗಳ ಪ್ರತಿನಿಧಿಗಳಾದ ಹುಡುಗಿಯರನ್ನೂ ಭೇಟಿಯಾಗುವ ಏರ್ಪಾಡಾಯಿತು. ಅವಳಿಗೆ ಯಾರು ಹಿಡಿಸಿದರು, ಯಾರಿಗೆ ಅವಳು ಹಿಡಿಸಿದಳು ಎಂಬುದನ್ನು ತಿಳಿದು ಮನೆಯನ್ನು ಗೊತ್ತುಮಾಡಿದರು. ಮಿಟ್ಟರ್ನ್‌ಡೋರ್ಫಿನ ಶಿಬಿರದಲ್ಲಿ ಹುಟ್ಟಿದ್ದ ಪ್ರಶ್ನೆಗೆ ಸುಮಾರು ಹದಿನಾರು ವರ್ಷಗಳ ಮೇಲೆ ದೊರೆತ ಉತ್ತರ ಅದು.

೧೯೩೩ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ವೈದ್ಯರ ಸಮ್ಮೇಳನದಲ್ಲಿ ಈ ನಕ್ಷೆಗಳ ಪ್ರದರ್ಶನವಾಯಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದನ್ನು ಭಾವನೆಗಳ ಹೊಸ ಭೂಗೋಳವೆಂಬ ಅರ್ಥದ ತಲೆಬರಹದಿಂದ ಪ್ರಕಟಿಸಿತು. ಮರುವರ್ಷ ಹೂ ಶಲ್ ಸರ್ವೈವ್ ಎಂಬ ಅವನ ದೊಡ್ಡ ಗ್ರಂಥ ಹೊರಬಂತು. ಹೆಸರಾಂತ ಮನೋವೈದ್ಯ ವಿಲಿಯಂ ಅಲಾನ್ಸನ್ ವೈಟ್ ಅದಕ್ಕೆ ಮುನ್ನುಡಿ ಬರೆದನು. ಉಳಿಯುವವರು ಯಾರು ಎಂಬುದು ಆ ಹೆಸರಿನ ಅರ್ಥ. ಮನುಕುಲ ಸಮಸ್ತವನ್ನೂ ಗಮನದಲ್ಲಿಡದ ಚಿಕಿತ್ಸೆ ಚಿಕಿತ್ಸೆಯೇ ಅಲ್ಲವೆಂಬುದು ಅದರ ಘೋಷಣೆ. ಕುರ್ಚಿಗಳ ಮೇಲೆ ಕುಳಿತ ದೇವರು ಈ ಗ್ರಂಥದಲ್ಲಿಯೂ ಅಲ್ಲಲ್ಲಿ ಇಣಿಕಿ ನೋಡುತ್ತಾನೆ. ಚಿತ್ರಗಳಿಗೆ ಸೋಶಿಯೋಗ್ರಾಮ್ ಎಂದೂ ಶಾಸ್ತ್ರಕ್ಕೆ ಸೋಶಿಯೋಮೆಟ್ರಿ ಎಂದೂ ಹೆಸರು ರೂಢಿಗೆ ಬಂತು. ಸಮಾಜಮಿತಿ ಎಂದು ನಾವು ಅದನ್ನು ಕರೆಯಬಹುದು. ೧೯೩೭ರಲ್ಲಿ ಅದೇ ಹೆಸರಿನ ಪತ್ರಿಕೆಯನ್ನೂ ಅವನು ಸ್ಥಾಪಿಸಿದನು.

ಹಡ್ಸನ್ನಿನ ನಕ್ಷೆಗಳನ್ನು ಇಂದು ನೋಡುವವರು ಅವು ತೋರಿಸದೆ ಬಿಟ್ಟದ್ದನ್ನೂ ನೆನೆಯಬೇಕು. ಆ ಶಾಲೆಯಲ್ಲಿ ಕರಿಯ ಹುಡುಗಿಯರನ್ನು ಬೇರೆಯೇ ಕುಟೀರಗಳಲ್ಲಿ ಇರಿಸಿದ್ದರು. ಮುಂದೆ ಲೋಕಪ್ರಸಿದ್ಧ ಗಾಯಕಿಯಾದ ಎಲ್ಲಾ ಫಿಟ್ಜ್‌ಜೆರಾಲ್ಡ್ ೧೯೩೩ರಲ್ಲಿ, ತಾಯಿಯಿಲ್ಲದ ಬಾಲೆಯಾಗಿ ಅಲ್ಲಿಗೆ ಸೇರಿಸಲ್ಪಟ್ಟವಳು. ಅಲ್ಲಿ ನಡೆಯುತ್ತಿದ್ದ ಕಠಿನ ಶಿಕ್ಷೆಗಳ ವಿವರ ಅನಂತರ ಬೆಳಕಿಗೆ ಬಂತು. ಯಾರು ಯಾರನ್ನು ಬಯಸಿದರು ಎಂಬುದನ್ನು ಗೆರೆ ತೋರಿಸುತ್ತದೆ. ಯಾರನ್ನು ಬಯಸುವ ಅವಕಾಶವೇ ಇರಲಿಲ್ಲ, ಬಾಗಿಲಿಗೆ ಬೀಗ ಹಾಕಿದವರು ಯಾರು ಎಂಬುದನ್ನು ಅದು ತೋರಿಸುವುದಿಲ್ಲ. ಹುಡುಗಿಯರು ಏಕೆ ಓಡಿಹೋದರು ಎಂಬುದಕ್ಕೆ ನಕ್ಷೆ ಕೊಟ್ಟ ಉತ್ತರ ಸರಿಯಾದದ್ದೇ ಇರಬಹುದು, ಪೂರ್ಣವಾದ ಉತ್ತರವಲ್ಲ.

ಇನ್ನೊಂದು ಲೋಪ ಮನುಷ್ಯಸಹಜವಾದದ್ದು. ಮಾತಿನ ಮೋಡಿಯೂ ಕಲ್ಪನೆಯ ಆವೇಶವೂ ಮೊರೆನೋನವು. ಆದರೆ ಆ ಗ್ರಂಥದ ಹಿಂದಿರುವ ಸಂಶೋಧನೆಯ ಶಿಸ್ತು ಬಹುಮಟ್ಟಿಗೆ ಜೆನ್ನಿಂಗ್ಸಳದೆಂದು ಈ ಶಾಸ್ತ್ರದ ಇತಿಹಾಸ ಬರೆದ ಲಿಂಟನ್ ಫ್ರೀಮನ್ ವಾದಿಸಿದ್ದಾನೆ. ಹಡ್ಸನ್ನಿನ ಹುಡುಗಿಯರಲ್ಲಿ ಮುಂದಾಳುಗಳಾದವರು ಹೇಗೆ ಹಾಗಾದರು, ಒಂಟಿಗಳಾದವರು ಏಕೆ ಹಾಗಾದರು ಎಂಬುದನ್ನು ಕುರಿತು ಆಕೆ ೧೯೪೩ರಲ್ಲಿ ತನ್ನದೇ ಗ್ರಂಥವನ್ನು ಪ್ರಕಟಿಸಿದಳು. ಇತರರ ನೋವನ್ನು ತನ್ನದೆಂದು ಕಂಡು, ಅವರಿಗೆ ಗುಂಪಿನಲ್ಲಿ ಜಾಗ ಮಾಡಿಕೊಡುವವಳೇ ಮುಂದಾಳಾಗುತ್ತಾಳೆ ಎಂಬುದು ಆಕೆ ಕಂಡ ಸತ್ಯ. ಮೊರೆನೋನ ಕೀರ್ತಿಯ ನೆರಳಿನಲ್ಲಿ ಆಕೆಯ ಹೆಸರು ಮಸುಕಾಯಿತು. ಸಂಬಂಧಗಳ ನಕ್ಷೆ ಬರೆದವನೇ ತನ್ನ ಪಕ್ಕದ ಬಿಂದುವನ್ನು ಜಗತ್ತು ಮರೆಯುವಂತಾಗಲು ಕಾರಣನಾದನು.

ಚಿತ್ರದ ಬೆಲೆಯನ್ನು ಪ್ರಶ್ನಿಸುವವರು ಬೇಗನೆ ಬಂದರು. ೧೯೪೬ರಲ್ಲಿ ಇಲೇನ್ ಫೋರ್ಸಿತ್ ಮತ್ತು ಲಿಯೋ ಕಾಟ್ಜ್ ಎಂಬಿಬ್ಬರು ಮೊರೆನೋನ ಪತ್ರಿಕೆಯಲ್ಲಿಯೇ ಒಂದು ಲೇಖನ ಬರೆದು, ಅದೇ ಮಾಹಿತಿಯಿಂದ ಇಬ್ಬರು ಬರೆದ ಚಿತ್ರಗಳು ಎರಡು ರೀತಿಯಾಗಿ ತೋರಬಹುದು, ಆದ್ದರಿಂದ ಚಿತ್ರಕ್ಕಿಂತ ಅಂಕಿಗಳ ಮಾತೃಕೆ ಮೇಲೆಂದು ಸೂಚಿಸಿದರು. ಅಡ್ಡಸಾಲಿನಲ್ಲಿ ಆರಿಸಿದವರು, ಕಂಬಸಾಲಿನಲ್ಲಿ ಆರಿಸಲ್ಪಟ್ಟವರು. ಗಣಿತದ ಕ್ರಿಯೆಗಳಿಂದ ಗುಂಪುಗಳನ್ನು ಬೇರ್ಪಡಿಸಬಹುದು. ಮೊರೆನೋ ಚಿತ್ರದ ಪಕ್ಷವನ್ನು ವಹಿಸಿ ಉತ್ತರ ಬರೆದನು. ಸತ್ಯ ಇಬ್ಬರಲ್ಲಿಯೂ ಇತ್ತು. ಲೆಕ್ಕಕ್ಕೆ ಮಾತೃಕೆ ಬೇಕು. ಲಕ್ಷಾಂತರ ಬಿಂದುಗಳ ಜಾಲವನ್ನು ಚಿತ್ರಿಸಿದರೆ ಸಿಕ್ಕುಬಿದ್ದ ನೂಲಿನುಂಡೆ ಮಾತ್ರ ಕಾಣುತ್ತದೆ. ಒಂದನ್ನೊಂದು ಕತ್ತರಿಸುವ ಗೆರೆಗಳು ಎಷ್ಟು ಕಡಿಮೆಯೋ ಚಿತ್ರ ಅಷ್ಟು ಉತ್ತಮವೆಂಬ ನಿಯಮವನ್ನು ಮೊರೆನೋ ತಾನೇ ಮುಂದೆ ಒಪ್ಪಿಕೊಂಡನು. ಒಂದೇ ಜಾಲವನ್ನು ಬೇರೆ ಬೇರೆಯಾಗಿ ಜೋಡಿಸಿ ವಿದ್ಯಾರ್ಥಿಗಳಿಗೆ ತೋರಿಸಿದರೆ, ಯಾರು ಮುಖ್ಯರು, ಗುಂಪುಗಳು ಎಷ್ಟು ಎಂಬ ಅವರ ತೀರ್ಪೂ ಬೇರೆ ಬೇರೆಯಾಗುತ್ತದೆಂದು ೧೯೯೭ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಕಾಗದದ ನಡುವೆ ಇರಿಸಿದ ಬಿಂದು ಸಮಾಜದ ನಡುವೆಯೂ ಇರುವಂತೆ ಕಣ್ಣಿಗೆ ಭಾಸವಾಗುತ್ತದೆ.

ಈ ಭ್ರಮೆಯಿಂದ ಎಂಥ ಅನ್ಯಾಯವಾಗಬಹುದೆಂಬುದಕ್ಕೆ ಒಂದು ನಿದರ್ಶನವುಂಟು. ಏಡ್ಸ್ ರೋಗದ ಮೂಲ ಇನ್ನೂ ನಿಗೂಢವಾಗಿದ್ದಾಗ, ಅಮೆರಿಕದ ಹತ್ತು ನಗರಗಳ ನಲವತ್ತು ರೋಗಿಗಳನ್ನು ಗೆರೆಗಳಿಂದ ಜೋಡಿಸಿದ ಚಿತ್ರವೊಂದು ೧೯೮೪ರಲ್ಲಿ ಪ್ರಕಟವಾಯಿತು. ರೋಗ ಒಬ್ಬರಿಂದ ಒಬ್ಬರಿಗೆ ಹರಡುವುದೆಂಬ ವಾದಕ್ಕೆ ಅದು ಬಲ ತಂದಿತು. ಇದು ಚಿತ್ರದ ಉಪಕಾರ. ಆದರೆ ಅದರ ನಡುವಿನಲ್ಲಿದ್ದ ಬಿಂದುವಿಗೆ ಕ್ಯಾಲಿಫೋರ್ನಿಯದ ಹೊರಗಿನವನೆಂಬುದನ್ನು ಸೂಚಿಸಲು ಓ ಎಂಬ ಅಕ್ಷರವಿತ್ತು. ಅದನ್ನು ಸೊನ್ನೆಯೆಂದು ಓದಿದ ಜನ, ಆ ಒಬ್ಬ ವಿಮಾನ ಪರಿಚಾರಕನೇ ದೇಶಕ್ಕೆಲ್ಲ ರೋಗ ತಂದ ಮೊದಲಿಗನೆಂದು ಬಗೆದರು. ಸತ್ತ ಮೇಲೆಯೂ ಅವನಿಗೆ ಆ ಕಳಂಕ ತಪ್ಪಲಿಲ್ಲ. ೧೯೭೦ರ ಸುಮಾರಿಗೇ ಆ ವಿಷಾಣು ನ್ಯೂಯಾರ್ಕನ್ನು ಮುಟ್ಟಿತ್ತೆಂದು ೨೦೧೬ರಲ್ಲಿ ತಳಿವಿಜ್ಞಾನಿಗಳು ತೋರಿಸಿಕೊಟ್ಟಾಗ ಅವನು ನಿರ್ದೋಷಿಯೆಂಬುದು ಸಿದ್ಧವಾಯಿತು.

ಮೊರೆನೋ ಹೂಡಿದ ವಿಚಾರ ನಮ್ಮ ನಾಡಿಗೂ ಬಂದಿದೆ. ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಆಂದ್ರೆ ಬೆತೇಯ್ ಅವರೊಡನೆ ೧೯೬೪ರಲ್ಲಿ, ಭಾರತದ ಸಮಾಜವನ್ನು ಜಾತಿ ಗ್ರಾಮಗಳ ಚೌಕಟ್ಟಿನಿಂದ ಮಾತ್ರವಲ್ಲದೆ ಸಂಬಂಧಜಾಲಗಳ ದೃಷ್ಟಿಯಿಂದಲೂ ನೋಡಬೇಕೆಂಬ ಲೇಖನ ಬರೆದರು. ೨೦೦೬ರಲ್ಲಿ ಕರ್ನಾಟಕದ ಎಪ್ಪತ್ತೈದು ಹಳ್ಳಿಗಳಲ್ಲಿ, ಅಕ್ಕಿಯನ್ನೋ ಸೀಮೆಎಣ್ಣೆಯನ್ನೋ ಯಾರಲ್ಲಿ ಕಡ ಕೇಳುವಿರಿ, ಯಾರ ಮನೆಗೆ ಹೋಗಿಬರುವಿರಿ, ದೇವಸ್ಥಾನಕ್ಕೆ ಯಾರೊಡನೆ ಹೋಗುವಿರಿ ಎಂಬಂಥ ಪ್ರಶ್ನೆಗಳಿಂದ ಹಳ್ಳಿಗಳ ಜಾಲವನ್ನು ಗುರುತಿಸಲಾಯಿತು. ಬಳಿಕ ಅವುಗಳಲ್ಲಿ ನಲವತ್ತಮೂರು ಹಳ್ಳಿಗಳಿಗೆ ಕಿರುಸಾಲದ ಯೋಜನೆ ಬಂದಾಗ, ಸುದ್ದಿಯನ್ನು ಮೊದಲು ತಿಳಿದ ಉಪಾಧ್ಯಾಯರು, ಅಂಗಡಿಯವರು ಮೊದಲಾದವರು ಜಾಲದಲ್ಲಿ ಎಲ್ಲಿ ನಿಂತಿದ್ದರು ಎಂಬುದರ ಮೇಲೆ ಯೋಜನೆಯ ಹರವು ನಿಂತಿತೆಂದು ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ, ಮ್ಯಾಥ್ಯೂ ಜಾಕ್ಸನ್ ಅವರು ೨೦೧೩ರಲ್ಲಿ ಪ್ರಕಟಿಸಿದರು. ಇದಕ್ಕಿಂತಲೂ ಸ್ವಾರಸ್ಯವಾದದ್ದು ಅವರ ಮುಂದಿನ ಸಂಶೋಧನೆ. ಊರಿಗೆಲ್ಲ ಸುದ್ದಿ ಮುಟ್ಟಿಸಬೇಕಾದರೆ ಯಾರಿಗೆ ಹೇಳಬೇಕೆಂದು ಹಳ್ಳಿಯವರನ್ನೇ ಕೇಳಿದಾಗ, ಅವರು ಹೆಸರಿಸಿದವರು ಜಾಲದ ಕೇಂದ್ರಕ್ಕೆ ನಿಜವಾಗಿಯೂ ಹತ್ತಿರದವರಾಗಿದ್ದರು. ಜನರಿಗೆ ತಮ್ಮ ಊರು ಗೊತ್ತು. ಕೇಳುವವರು ಬೇಕು ಅಷ್ಟೆ. ಮೊರೆನೋ ಬದುಕಿದ್ದರೆ ಇದನ್ನು ಕೇಳಿ ಹಿಗ್ಗುತ್ತಿದ್ದನು. ಅವನು ಮಾಡಿದ್ದೂ ಮೊದಲು ಅದನ್ನೇ: ಮಕ್ಕಳನ್ನು ಕೇಳಿದನು, ಹುಡುಗಿಯರನ್ನು ಕೇಳಿದನು, ಬಳಿಕವೇ ಗೆರೆ ಎಳೆದನು.

ಮೊರೆನೋನ ಉತ್ತರಾರ್ಧದ ಬಾಳು ಬಹುಮಟ್ಟಿಗೆ ಮನೋನಾಟಕಕ್ಕೆ ಮೀಸಲಾಯಿತು. ೧೯೩೬ರಲ್ಲಿ ಹಡ್ಸನ್ ನದಿಯ ದಡದ ಬೀಕನ್ ಎಂಬಲ್ಲಿ ಚಿಕಿತ್ಸಾಲಯವನ್ನು ತೆರೆದು, ಅಲ್ಲಿ ಒಂದು ರಂಗವನ್ನೂ ಕಟ್ಟಿಸಿದನು. ರೋಗಿ ತನ್ನ ಬಾಳಿನ ಪ್ರಸಂಗಗಳನ್ನು ಆ ರಂಗದ ಮೇಲೆ ಆಡಿ ತೋರಿಸಿ ಹಗುರಾಗುತ್ತಿದ್ದನು. ೧೯೪೯ರಲ್ಲಿ ಅವನನ್ನು ವಿವಾಹವಾದ ಜೆರ್ಕಾ ಈ ಕಾರ್ಯದಲ್ಲಿ ಅವನ ಸಮಾನಳಾದ ಸಂಗಾತಿಯಾದಳು. ಜಂಬ, ಜಗಳಗಂಟಿತನ, ಎಲ್ಲವನ್ನೂ ತಾನೇ ಮೊದಲು ಕಂಡೆನೆಂಬ ಹಟಗಳಿಂದ ವಿದ್ವಾಂಸರಲ್ಲಿ ಅನೇಕರನ್ನು ಅವನು ದೂರ ಮಾಡಿಕೊಂಡನು. ತಾನು ಹುಟ್ಟಿಸಿದ ಪತ್ರಿಕೆಯನ್ನು ೧೯೫೦ರ ದಶಕದ ನಡುವಿನಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರ ಸಂಘಕ್ಕೆ ಒಪ್ಪಿಸಿದನು. ಚಿತ್ರಗಳು ಅವನ ಕೈಬಿಟ್ಟು ಗಣಿತಜ್ಞರ, ಬಳಿಕ ಗಣಕಯಂತ್ರಗಳ ಕೈಗೆ ಹೋದುವು. ೧೯೭೪ರ ಮೇ ೧೪ರಂದು ಬೀಕನ್ನಿನಲ್ಲಿ ಅವನು ತೀರಿಕೊಂಡನು. ೧೯೯೩ರಲ್ಲಿ ಅವನ ಚಿತಾಭಸ್ಮವನ್ನು ವಿಯೆನ್ನಾಕ್ಕೆ ಒಯ್ದು ಇರಿಸಿದರು. ಮನೋವೈದ್ಯಕ್ಕೆ ನಗುವನ್ನು ತಂದವನೆಂದು ಅವನನ್ನು ನೆನೆಯುವ ಬರಹ ಅವನ ಸಮಾಧಿಯ ಮೇಲಿದೆ. ನಕ್ಷೆಗಳ ಮಾತು ಅಲ್ಲಿಲ್ಲ.

ಆದರೂ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಮೊರೆನೋ ಬಿಟ್ಟುಹೋದ ಆಸ್ತಿ ಆ ನಕ್ಷೆಯೇ. ಒಬ್ಬ ಹುಡುಗ ಮೂಲೆ ಹಿಡಿದರೆ ಅವನಲ್ಲಿ ಏನು ಕೊರತೆಯಿದೆಯೆಂದು ಕೇಳುವುದು ನಮ್ಮ ಅಭ್ಯಾಸ. ನಕ್ಷೆಯಲ್ಲಿ ಅವನನ್ನು ಕಂಡವನು ಬೇರೊಂದು ಪ್ರಶ್ನೆ ಕೇಳಬೇಕಾಗುತ್ತದೆ: ಅವನ ಕಡೆಗೆ ಒಂದು ಗೆರೆಯೂ ಹೊರಡಲಿಲ್ಲವೇಕೆ? ಗೆರೆ ಹೊರಡಬೇಕಾದದ್ದು ಇತರರಿಂದ. ಆದ್ದರಿಂದ ಉತ್ತರ ಅವನೊಬ್ಬನಲ್ಲಿ ದೊರೆಯಲಾರದು. ಒಂಟಿಯಾದ ಆ ಚಿಕ್ಕ ವೃತ್ತ ಕಾಗದದ ಅಂಚಿನಲ್ಲಿ ನಿಂತು ತರಗತಿಗೆಲ್ಲ ಪ್ರಶ್ನೆ ಹಾಕುತ್ತದೆ. ಮರುದಿನ ಕುಳಿತುಕೊಳ್ಳುವ ಜಾಗವನ್ನು ಸ್ವಲ್ಪ ಬದಲಾಯಿಸಿ, ಅವನು ತಾನಾಗಿ ಹೆಸರಿಸಿದ ಒಬ್ಬನ ಪಕ್ಕದಲ್ಲಿ ಅವನನ್ನು ಕೂರಿಸುವ ಉಪಾಧ್ಯಾಯನು ಮೊರೆನೋನ ಗ್ರಂಥವನ್ನು ಓದದಿದ್ದರೂ ಅವನ ಶಿಷ್ಯನೇ ಸರಿ.